ಬಾಣಂತನಕ್ಕೆ ಬಂದವಳು ಮನೆ ಬಿಟ್ಟವಳೇ?

ಓದುಗರ ಪತ್ರ: ನನ್ನ ತವರು ಅರಕಲಗೂಡು ತಾಲ್ಲೂಕು, ಗಂಡನ ಮನೆ ಮೂಡಿಗೆರೆ ಕಡೆ. ಮೂರು ವರ್ಷದ ಹಿಂದೆ ಬಾಣಂತನಕ್ಕೆ ಬಂದೆ. ಹೆಣ್ಣು ಮಗು. ನಾಮಕರಣಕ್ಕೂ ಅವರು ಬರಲಿಲ್ಲ. ನಮ್ಮ ತಂದೆ ಎರಡು ಸಲ ಹೋಗಿ ಕೇಳಿದರು. ಕಾಫಿ ಕೊಯ್ಲು ಮುಗಿಯಲಿ ಎಂದರು. ಕಳೆದ ವರ್ಷ ಹಿರಿಯರು ಪಂಚಾಯ್ತಿ ಸೇರಿಸಿ, ಓದಲೂ ಬಿಡದೆ, ನೂರು ರೂಪಾಯಿಯ ಛಾಪಾ ಕಾಗದಕ್ಕೆ ಸಹಿ ಹಾಕಿಸಿದರು. ಈಗ ಅವರಿಗೆ ಬೇರೆ ಹೆಣ್ಣು ನೋಡುತ್ತಿದ್ದಾರಂತೆ. ಮನೆ ಬಿಟ್ಟು ಬಂದವಳು ನಾನೇ ಆದ್ದರಿಂದ ವಿಚ್ಛೇದನ ಕೇಳಲು ನನಗೆ ಕಾರಣವೇ ಇಲ್ಲ ಎನ್ನುತ್ತಾರೆ. ನಿಜವೇ?

ಸಂಪಾದಕರ ಉತ್ತರ:

ಸಹೋದರಿ, ನಿಜವಲ್ಲ. ಆದರೆ ಮೊದಲು ಆ ನೂರು ರೂಪಾಯಿಯ ಕಾಗದದ ಮಾತು. ಅದರಿಂದ ನಿಮ್ಮ ಮದುವೆ ಮುರಿದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಂತೆ ವಿಚ್ಛೇದನ ಕೊಡಬೇಕಾದದ್ದು ನ್ಯಾಯಾಲಯ. ರೂಢಿಯಿಂದ ಬಂದ ಬಿಡುಗಡೆಗೆ 29ನೇ ಕಲಂ ಒಂದಿಷ್ಟು ಜಾಗ ಬಿಟ್ಟಿದೆ, ಹೌದು. ಆದರೆ ಅಂಥ ಪದ್ಧತಿ ತಮ್ಮ ಸಮುದಾಯದಲ್ಲಿ ಬಹುಕಾಲದಿಂದ ನಡೆದುಬಂದಿದೆ ಎಂದು ರುಜುವಾತುಪಡಿಸುವ ಹೊಣೆ ಅವರದೇ, ಸುಲಭದ ಕೆಲಸವಲ್ಲ. ಅದಾಗದೆ ನಿಮ್ಮ ಗಂಡ ಇನ್ನೊಬ್ಬಳಿಗೆ ತಾಳಿ ಕಟ್ಟಿದರೆ ಆ ಮದುವೆ ಅಸಿಂಧು. ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ ಪ್ರಕಾರ ಏಳು ವರ್ಷದವರೆಗೆ ಜೈಲು. ಹೆಣ್ಣು ಕೊಡಲು ಹೊರಟವರ ಕಿವಿಗೂ ಇದು ಬಿದ್ದರೆ ಒಳ್ಳೆಯದು.

ವಿಚ್ಛೇದನದ ಕಾರಣಗಳು ಹಿಂದೂ ವಿವಾಹ ಕಾಯ್ದೆಯ 13ನೇ ಕಲಂನಲ್ಲಿವೆ: ಪರಸಂಗ, ಕ್ರೌರ್ಯ, ಪರಿತ್ಯಾಗ, ಮತಾಂತರ, ವಾಸಿಯಾಗದ ಮನೋವ್ಯಾಧಿ, ಅಂಟುವ ಗುಹ್ಯರೋಗ, ಸನ್ಯಾಸ, ಏಳು ವರ್ಷ ಬದುಕಿರುವ ಸುಳಿವೇ ಸಿಗದಿರುವುದು. ಕುಷ್ಠರೋಗವೂ ಈ ಸಾಲಿನಲ್ಲಿತ್ತು. 2019ರಲ್ಲಿ ತೆಗೆದರು, ತಡವಾಗಿಯಾದರೂ ಬುದ್ಧಿ ಬಂತು. ಹೆಂಡತಿಗೆಂದೇ ಇನ್ನೂ ಕೆಲವು ಕಾರಣಗಳಿವೆ. ನಿಮ್ಮ ಪತ್ರ ಓದಿದರೆ ನಿಮಗೆ ಸಂಬಂಧಿಸಿದವು ಎರಡೇ: ಪರಿತ್ಯಾಗ ಮತ್ತು ಕ್ರೌರ್ಯ.

ಅರ್ಜಿ ಹಾಕುವ ಹೊತ್ತಿಗೆ ಕನಿಷ್ಠ ಎರಡು ವರ್ಷ ಸತತವಾಗಿ, ಸಕಾರಣವಿಲ್ಲದೆ, ನಿಮ್ಮ ಒಪ್ಪಿಗೆಯಿಲ್ಲದೆ ನಿಮ್ಮನ್ನು ತೊರೆದಿದ್ದರೆ ಅದು ಪರಿತ್ಯಾಗ. ಹೊಸಿಲು ದಾಟಿದವರು ಯಾರು ಎಂಬುದಷ್ಟರಿಂದ ಅದು ತೀರ್ಮಾನವಾಗುವುದಿಲ್ಲ. ಸಂಸಾರ ಬೇಡವೆಂದವರು ಯಾರು ಎಂದು ನ್ಯಾಯಾಲಯ ಹುಡುಕುತ್ತದೆ. ಬೇಕೆಂದೇ ಅಲಕ್ಷಿಸುವುದೂ ಪರಿತ್ಯಾಗವೇ ಎಂದು ಕಾಯ್ದೆ ಬಿಡಿಸಿ ಹೇಳಿದೆ. ಬಾಣಂತನಕ್ಕೆ ತವರಿಗೆ ಬಂದವರೆಲ್ಲ ಮನೆ ಬಿಟ್ಟವರಾದರೆ ನಮ್ಮ ಜಿಲ್ಲೆಯಲ್ಲಿ ಮನೆಯಲ್ಲಿ ಉಳಿದ ತಾಯಂದಿರು ಎಷ್ಟು ಮಂದಿ ಸಿಗುತ್ತಾರೆ? ಕರೆದುಕೊಂಡು ಹೋಗಬೇಕಾದವರು ಬರಲಿಲ್ಲ. ನಿಮ್ಮ ತಂದೆಗೆ ಮಾತು ಕೊಟ್ಟ ಮೇಲೆ ಕಾಫಿ ಕೊಯ್ಲು ಎಷ್ಟು ಬಾರಿ ಮುಗಿಯಿತು ಎಂದು ಲೆಕ್ಕ ಹಾಕಿ. ತಂದೆಯೊಂದಿಗೆ ಹೋದವರು, ನಾಮಕರಣಕ್ಕೆ ಬಂದವರು ನಿಮ್ಮ ಸಾಕ್ಷಿಗಳು.

ತೊಡಕು ಇರುವುದು ಮತ್ತೆ ಆ ಕಾಗದದಲ್ಲೇ. ಮದುವೆ ಮುರಿಯಲಾರದ ಕಾಗದ ನಿಮ್ಮ ಅರ್ಜಿಯನ್ನು ಕೆಡಿಸಬಲ್ಲದು. ‘ಇಬ್ಬರೂ ಒಪ್ಪಿ ಬೇರೆಯಾಗಿದ್ದೇವೆ’ ಎಂದು ಅದರಲ್ಲಿ ಬರೆದಿದ್ದರೆ, ಒಪ್ಪಿಗೆ ಇತ್ತಲ್ಲ, ಪರಿತ್ಯಾಗ ಎಲ್ಲಿ ಬಂತು ಎಂದು ಅವರ ವಕೀಲರು ಹಿಡಿಯುತ್ತಾರೆ. ಅಂದು ಯಾರ ಮನೆ, ಯಾರು ಯಾರು ಇದ್ದರು, ಯಾರು ಏನೆಂದರು ಎಂಬುದನ್ನು ನೆನಪು ಮಾಸುವ ಮುನ್ನ ಬರೆದಿಡಿ.

ಹೆಣ್ಣು ಹೆತ್ತದ್ದಕ್ಕೆ ಅವರು ಫೋನಿನಲ್ಲಿ ಹಂಗಿಸಿದ್ದು, ಸಂದೇಶ ಕಳಿಸಿದ್ದು ಏನಾದರೂ ಇದ್ದರೆ ಅದು ಕ್ರೌರ್ಯದ ಬಾಬತ್ತಿಗೆ ಬರಬಹುದು. ಹೊಡೆತ ಬಿದ್ದಿರಲೇಬೇಕೆಂದಿಲ್ಲ. ಸಂಸಾರದ ಸಣ್ಣಪುಟ್ಟ ಜಟಾಪಟಿ ಸಾಲದು. ದಾಂಪತ್ಯವನ್ನು ಒಟ್ಟಾಗಿ ನೋಡಿಯೇ ಮಾನಸಿಕ ಕ್ರೌರ್ಯವನ್ನು ತೀರ್ಮಾನಿಸಬೇಕು ಎಂದು 2007ರ ಸಮರ್ ಘೋಷ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಳೆಯ ಮೊಬೈಲನ್ನು ಮಾರಬೇಡಿ.

ಕೇಸಿಗೆಂದು ನೀವು ಮಳೆಯಲ್ಲಿ ಚಿಕ್ಕಮಗಳೂರಿಗೆ ಅಲೆಯಬೇಕಿಲ್ಲ. 2003ರ ತಿದ್ದುಪಡಿಯ ನಂತರ ಹೆಂಡತಿ ತಾನು ವಾಸವಿರುವ ಕಡೆಯ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. ನಿಮಗೆ ಹಾಸನ ಜಿಲ್ಲೆಯೇ ಸಾಕು. ವಕೀಲರ ಶುಲ್ಕದ ಚಿಂತೆಯಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯಂತೆ ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಉಚಿತ ನೆರವು ಸಿಗುತ್ತದೆ.

ಅವರಿಗೆ ಮರುಮದುವೆಯ ಅವಸರ ಇರುವುದರಿಂದ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಬನ್ನಿ ಎಂದಾರು. ಅದಕ್ಕೆ ಒಂದು ವರ್ಷ ಬೇರೆ ಇದ್ದರೆ ಸಾಕು, ತಪ್ಪು ಯಾರದೆಂದು ತೋರಿಸಬೇಕಿಲ್ಲ. ಆರು ತಿಂಗಳ ಕಾಯುವ ಅವಧಿಯನ್ನೂ ನ್ಯಾಯಾಲಯ ಸಂದರ್ಭ ನೋಡಿ ಬಿಡಬಹುದೆಂದು 2017ರಲ್ಲಿ ತೀರ್ಪಾಗಿದೆ. ಹಾದಿ ಕೆಟ್ಟದ್ದಲ್ಲ. ಆದರೆ ನಿಮ್ಮ ಜೀವನಾಂಶ, ಮಗುವಿನ ಖರ್ಚು ಕಾಗದಕ್ಕೆ ಇಳಿಯುವ ತನಕ ಸಹಿ ಹಾಕಬೇಡಿ. ಓದದೆ ಒಮ್ಮೆ ಹಾಕಿದ್ದು ಸಾಕು.

ವಿಚ್ಛೇದನ ಬೇಕೋ ಬೇಡವೋ ಎಂಬುದು ನಿಮ್ಮ ತೀರ್ಮಾನ, ನಿಧಾನವಾಗಿ ಮಾಡಿ. ಜೀವನಾಂಶ ಅದಕ್ಕೆ ಕಾಯಬೇಕಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂನಡಿ ಈಗಲೇ ಕೇಳಬಹುದು. ವಕೀಲರ ಬಳಿ ಹೋಗುವಾಗ ಲಗ್ನಪತ್ರಿಕೆ, ಮದುವೆಯ ಫೋಟೊ, ತಾಯಿ ಕಾರ್ಡ್, ಮಗುವಿನ ಜನನ ಪ್ರಮಾಣಪತ್ರ, ಛಾಪಾ ಕಾಗದದ ನಕಲು ಜೊತೆಗಿರಲಿ. ನಕಲನ್ನು ನಿಮಗೆ ಕೊಟ್ಟೇ ಇಲ್ಲವಾದರೆ ಅದನ್ನೂ ಮರೆಯದೆ ಹೇಳಿ.