ಓದು ಬಿಟ್ಟುಹೋಗಿದೆ ಅಂದವರಿಗೆ: ಮೊದಲು ರಾತ್ರಿ ಓದೋದು ಬಿಡಿ

ಮಾರಾಯ್ರೆ, ಅಡಿಕೆ ಬೆಳೆಗಾರರ ಗುಂಪಿನಲ್ಲಿ ಪುಸ್ತಕದ ಪ್ರಶ್ನೆ ಬಂತಲ್ಲ, ಖುಷಿಯಾಯಿತು. ಅಡಿಕೆಯ ಕೊಳೆರೋಗ ಮತ್ತು ರೇಟು, ಎರಡೇ ನೋಡಿ ನೋಡಿ ಸಾಕಾಗಿತ್ತು. ಕಾಲೇಜಿನಲ್ಲಿದ್ದಾಗ ಸಿಕ್ಕಿದ್ದೆಲ್ಲ ಓದುತ್ತಿದ್ದೆ, ಈಗ ರಾತ್ರಿ ಹಾಸಿಗೆಯಲ್ಲಿ ಪುಸ್ತಕ ಹಿಡಿದರೆ ಎರಡು ಪುಟಕ್ಕೇ ಕೈ ಮೊಬೈಲ್ ಕಡೆ ಹೋಗುತ್ತದೆ, ಮತ್ತೆ ರೂಢಿ ಮಾಡಿಕೊಳ್ಳೋದು ಹೇಗೆ ಅಂತ ಕೇಳಿದ್ದೀರಿ. ಮೇಲೆ ಐದಾರು ಜನ 'ಮೊಬೈಲ್ ದೂರ ಇಡಿ' ಅಂತ ಬರೆದಿದ್ದಾರೆ. ಬರೆದಿದ್ದು ಮೊಬೈಲಿನಲ್ಲೇ, ಇರಲಿ.

ನನಗನಿಸೋ ಮಟ್ಟಿಗೆ ನಿಮ್ಮನ್ನು ಕೆಡಿಸುತ್ತಿರೋದು ಆ ರಾತ್ರಿ ಹೊತ್ತು. ಬೆಳಕು ಹರಿಯುವ ಮೊದಲು ಎದ್ದು ಕೊಟ್ಟಿಗೆ ಕೆಲಸ, ಹಾಲು ಡೇರಿಗೆ, ಆಮೇಲೆ ತೋಟ, ಆಳು ಬಂದರೆ ಅವರ ಹಿಂದೆ, ಬರದಿದ್ದರೆ ಅವರ ಮನೆ ತನಕ, ಇಷ್ಟೆಲ್ಲ ಆಗಿ ಊಟ ಮಾಡಿ ಅಂಗಾತ ಮಲಗಿ ಪುಸ್ತಕ ಹಿಡಿದರೆ ನಿದ್ದೆ ಬರದೆ ಇನ್ನೇನು? ನಿದ್ದೆಗಣ್ಣಿಗೆ ಮೊಬೈಲ್ ಸುಲಭ. ಬೆರಳು ಆಡಿಸಿದರೆ ಮುಗಿಯಿತು. ಪುಸ್ತಕ ಹಾಗಲ್ಲ, ಹಿಂದಿನ ಪುಟದಲ್ಲಿ ಯಾರು ಯಾರಿಗೆ ಏನಂದರು ಅಂತ ನೆನಪು ಇರಬೇಕು. ಹಾಗಾಗಿ ದಿನದ ಸೋತ ಹೊತ್ತನ್ನು ಪುಸ್ತಕಕ್ಕೆ ಕೊಡಬೇಡಿ. ಒಳ್ಳೇ ಹೊತ್ತಿನಲ್ಲಿ ಒಂದು ಚೂರು ಕೊಡಿ.

ಒಳ್ಳೇ ಹೊತ್ತು ಯಾವುದು ಅಂದರೆ, ಹೊಸದಾಗಿ ಹುಡುಕೋದೇ ಬೇಡ. ಮಧ್ಯಾಹ್ನ ಊಟ ಆಗಿ ಕವಳ (ಎಲೆ-ಅಡಿಕೆ) ಹಾಕಿಕೊಂಡು ಜಗುಲಿಯಲ್ಲಿ ಸುಮ್ನೆ ಕೂರುತ್ತೀರಲ್ಲ, ಅದೇ. ಒಂದು ಕವಳ ಮುಗಿಯುವಷ್ಟು ಹೊತ್ತು ಓದು, ಉಗುಳಲು ಎದ್ದಾಗ ಪುಸ್ತಕ ಮುಚ್ಚಿ. ಅಷ್ಟೇ ಸಾಕು. ಕವಳ ಹಾಕದವರು ಬೆಳಿಗ್ಗೆ ಆಸರಿ ಕುಡಿಯುವಾಗ ಕೂರಿ. ಆಗ ಫೋನನ್ನು ಒಳಗಿನ ಕೋಣೆಯ ಪ್ಲಗ್ಗಿಗೆ ಹಾಕಿ ಬನ್ನಿ. ಸೈಲೆಂಟ್ ಮಾಡಿ ಪಕ್ಕದಲ್ಲೇ ಇಟ್ಟುಕೊಂಡರೆ ಪ್ರಯೋಜನ ಇಲ್ಲ, ಕಣ್ಣಿಗೆ ಬಿದ್ದರೆ ಕೈ ಹೋಗೇ ಹೋಗುತ್ತದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಂಗಳದ ತುದಿಗೆ ಹೋದರೆ ಮಾತ್ರ ನೆಟ್‌ವರ್ಕ್. ಓದೋರಿಗೆ ಅದೊಂದು ವರ ಅಂತಲೇ ಇಟ್ಟುಕೊಳ್ಳಿ.

ಇನ್ನೊಂದು, ಕಾಯುವ ಹೊತ್ತು. ಅಡಿಕೆ ಕೊನೆ (ಗೊನೆ) ಇಳಿಸಲು ಎಂಟಕ್ಕೆ ಬರುತ್ತೇನೆ ಅಂದ ಕೊನೆಗೌಡ ಹತ್ತೂವರೆಗೆ ಬರುತ್ತಾನೆ. ವಖಾರಿಗೆ (ಅಡಿಕೆ ಮಂಡಿಗೆ) ಅಡಿಕೆ ಹಾಕಿ ಟೆಂಡರ್ ಆಗುವ ತನಕ ಪೇಟೆಯಲ್ಲಿ ಮಾಡೋದೇನು? ಚೀಲದಲ್ಲಿ ತೆಳ್ಳಗಿನ ಪುಸ್ತಕ ಒಂದು ಇರಲಿ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ.

ಈಗ ಯಾವುದನ್ನು ಓದೋದು. ಬಹಳ ಜನ ಎಡವೋದು ಇಲ್ಲೇ. ವರ್ಷಗಟ್ಟಲೆ ಬಿಟ್ಟವರು ಒಮ್ಮೆಲೇ ಆರುನೂರು ಪುಟದ ಕಾದಂಬರಿ ತರುತ್ತಾರೆ, ನಲವತ್ತನೇ ಪುಟದಲ್ಲಿ ಅದು ಕಪಾಟಿನ ಮೇಲೆ ಸೇರುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ಸಣ್ಣದಕ್ಕೆ ಬರ ಇಲ್ಲ. ಅಂಕೋಲೆಯ ದಿನಕರ ದೇಸಾಯರ ಚೌಪದಿ ನಾಲ್ಕೇ ಸಾಲು, ಕವಳಕ್ಕೆ ಸುಣ್ಣ ಹಚ್ಚುವಷ್ಟರಲ್ಲಿ ಒಂದು ಮುಗಿಯುತ್ತದೆ, ನಗುವೂ ಬರುತ್ತದೆ, ಮನಸ್ಸಿಗೂ ತಾಗುತ್ತದೆ. ಕತೆ ಬೇಕಾದರೆ ಹನೇಹಳ್ಳಿಯ ಯಶವಂತ ಚಿತ್ತಾಲರು, ಗೋಕರ್ಣದ ಜಯಂತ ಕಾಯ್ಕಿಣಿ. ಒಂದು ಕೂರುವಿಕೆಗೆ ಒಂದು ಕತೆ. ಚಿತ್ತಾಲರದ್ದು ಸ್ವಲ್ಪ ನಿಧಾನ ಓದಬೇಕು, ಅದಕ್ಕೆ ಮೊದಲು ಕಾಯ್ಕಿಣಿ ಹಿಡಿಯಿರಿ ಅನ್ನುತ್ತೇನೆ. ಕಾದಂಬರಿಯೇ ಆಗಬೇಕು ಅಂದರೆ ತೇಜಸ್ವಿಯವರ 'ಕರ್ವಾಲೊ'. ಕತೆ ಹೇಳುವವನೇ ಕೃಷಿಕ, ಜೇನಿನಿಂದ ಶುರುವಾಗಿ ಹಾರುವ ಓತಿಯ ಹಿಂದೆ ಕಾಡು ಹೊಕ್ಕುತ್ತದೆ, ನಮ್ಮ ಗುಂಪಿನವರಿಗೆ ಬೇಸರ ಬರುವ ಮಾತೇ ಇಲ್ಲ. ಕತೆ ಕವನ ಒಗ್ಗದವರು ಪುತ್ತೂರಿನ 'ಅಡಿಕೆ ಪತ್ರಿಕೆ' ಹಿಡಿಯಿರಿ, 1988ರಿಂದ ಬರುತ್ತಿರುವ ಕೃಷಿಕರ ಪತ್ರಿಕೆ. ಅದನ್ನು ಓದಿದರೂ ಅದು ಓದೇ. ಸಾಹಿತ್ಯ ಮಾತ್ರ ಓದು ಅನ್ನೋರ ಮಾತಿಗೆ ಕಿವಿ ಕೊಡಬೇಡಿ.

ಹಿಡಿಸದ ಪುಸ್ತಕ ಅರ್ಧಕ್ಕೇ ಬಿಡಿ. ಮುಗಿಸಲೇಬೇಕು ಅಂತ ಹಠ ಹಿಡಿದರೆ ಅದೊಂದು ಮುಗಿಯೋದಿಲ್ಲ, ಬೇರೆಯದು ಶುರುವಾಗೋದೂ ಇಲ್ಲ. ಹಿಡಿಸಿದ ಪುಸ್ತಕವನ್ನು ಮಾತ್ರ ಅಧ್ಯಾಯದ ಕೊನೆಗೆ ನಿಲ್ಲಿಸಬೇಡಿ, ಜಗಳದ ನಡುವೆಯೋ, ಯಾರೋ ಬಾಗಿಲು ಬಡಿದಲ್ಲೋ ನಿಲ್ಲಿಸಿ. ಮರುದಿನ ತಾನಾಗಿ ಎಳೆಯುತ್ತದೆ. ಮೊದಲ ಕೆಲವು ದಿನ ಕಣ್ಣು ಸಾಲಿನ ಮೇಲೆ, ತಲೆ ಪಂಪ್‌ಸೆಟ್ಟಿನಲ್ಲಿ ಇರುತ್ತದೆ, ಅದು ಸಹಜ. ಹಾಗಾದಾಗ ಒಂದು ಪುಟ ಗಟ್ಟಿಯಾಗಿ ಓದಿ.

ಗಟ್ಟಿಯಾಗಿ ಓದೋದು ಅಂದಾಗ ನೆನಪಾಯಿತು. ಮನೆಯಲ್ಲಿ ಕಣ್ಣು ಮಂಜಾದ ಆಯಿಯೋ ಅಜ್ಜಿಯೋ ಇದ್ದರೆ ಅವರಿಗೇ ಓದಿ ಹೇಳಿ. ಇದರಷ್ಟು ಗಟ್ಟಿ ಉಪಾಯ ಬೇರೆ ಇಲ್ಲ. ನಮ್ಮ ಆಯಿ ಬಾಳೆ ಎಲೆ ಒರೆಸುತ್ತ ಕೂತು ಕೇಳುತ್ತಾಳೆ, ಕೇಳಿದಳೋ ಇಲ್ಲವೋ ಮುಖದಲ್ಲಿ ಗೊತ್ತಾಗೋದಿಲ್ಲ. ಮರುದಿನ ಅನ್ನ ಬಡಿಸುವಾಗ 'ಆ ಹುಡುಗಿ ಬಸ್ಸಿಳಿದು ನಿಂತಿದ್ದಳಲ್ಲ, ಕರೆಯಲು ಯಾರೂ ಬರಲೇ ಇಲ್ಲವಾ?' ಅಂತ ಕೇಳುತ್ತಾಳೆ. ಇನ್ನು ಓದದೆ ಬಿಡೋಕಾಗುತ್ತಾ? ಮಳೆಗಾಲದಲ್ಲಿ ಮಹಾಭಾರತ ಓದಿಸುತ್ತಿದ್ದ ಊರು ನಮ್ಮದು, ಒಬ್ಬ ಓದಿ ಹತ್ತು ಜನ ಕೇಳುವುದು ಹೊಸದೇನಲ್ಲ.

ಕೊಯ್ಲಿನ ಕಾಲದಲ್ಲಿ ಮಾತ್ರ ಓದು ನಿಂತರೆ ಕೈಬಿಟ್ಟುಹೋಯಿತು ಅಂದುಕೊಳ್ಳಬೇಡಿ. ಡಿಸೆಂಬರ್, ಜನವರಿಯಲ್ಲಿ ಕೊನೆ ಇಳಿಸಿ, ಬೇಯಿಸಿ, ಒಣಗಿಸುವ ಗಡಿಬಿಡಿಯಲ್ಲಿ ಯಾರಿಗೆ ಪುರುಸೊತ್ತು? ಆಗ ಅಡಿಕೆ ಸುಲಿಯುವಾಗ ಆಡಿಯೋ ಹಾಕಿಕೊಳ್ಳಿ, ಕೈ ಮೆಟ್ಟುಗತ್ತಿಯಲ್ಲಿದ್ದರೂ ಕಿವಿ ಖಾಲಿ. ನಿಜವಾದ ಓದಿನ ಕಾಲ ಜುಲೈ, ಆಗಸ್ಟ್. ಕೊಳೆ ಔಷಧಿ ಒಂದು ಸುತ್ತು ಆಗಿರುತ್ತದೆ, ಎರಡನೇದಕ್ಕೆ ಹೊಳವು ಆಗಬೇಕು, ಅಂದರೆ ಮಳೆ ಬಿಡಬೇಕು, ಹೊಳವು ಆಗೋದಿಲ್ಲ. ಆಗ ಕರೆಂಟೂ ಇರೋದಿಲ್ಲ ಅನ್ನೋದು ಗೊತ್ತಲ್ಲ, ಚಾರ್ಜಿಂಗ್ ಲೈಟು ತುಂಬಿಸಿಟ್ಟುಕೊಳ್ಳಿ.

ಕಣ್ಣಿನ ವಿಷಯ ಯಾರೂ ಬರೆದಿಲ್ಲ. ನಲವತ್ತು ದಾಟಿದ್ದರೆ ಮೊದಲು ಚಾಳೀಸು ಪರೀಕ್ಷೆ ಮಾಡಿಸಿ. ಹಳೇ ಪುಸ್ತಕಗಳ ಒತ್ತಕ್ಷರ ಹಳದಿ ಕಾಗದದ ಮೇಲೆ ಇರುವೆ ಸಾಲಿನ ಹಾಗೆ ಕಾಣುತ್ತದೆ. ಎಷ್ಟೋ ಜನ ಓದಿನಲ್ಲಿ ಆಸಕ್ತಿ ಹೋಯಿತು ಅಂದುಕೊಂಡಿರುತ್ತಾರೆ, ಹೋಗಿರೋದು ಕಣ್ಣು.

ಪುಸ್ತಕಕ್ಕೆ ದುಡ್ಡು ಜಾಸ್ತಿ ಅಂದವರಿಗೆ: ಮನೆ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದೀರಿ. ಪಂಚಾಯತಿ ಗ್ರಂಥಾಲಯ, ಈಗ ಅರಿವು ಕೇಂದ್ರ ಅನ್ನುತ್ತಾರೆ, ಅಲ್ಲಿ ಸದಸ್ಯರಾಗಿ. ಅಲ್ಲಿಂದ ತಂದ ಪುಸ್ತಕಕ್ಕೆ ವಾಪಸ್ ಕೊಡುವ ದಿನ ಅಂತ ಇರುತ್ತದೆ, ಕೊಂಡ ಪುಸ್ತಕಕ್ಕೆ ಅದಿಲ್ಲ, ಅದು ಹತ್ತು ವರ್ಷ ಬೇಕಾದರೂ ಕಾಯುತ್ತದೆ. ಮೊಬೈಲಿನಲ್ಲೇ ಓದುತ್ತೇನೆ ಅನ್ನೋರಿಗೆ ಸರ್ಕಾರದ ಡಿಜಿಟಲ್ ಗ್ರಂಥಾಲಯ 2020ರಿಂದ ಇದೆ, ಆದರೆ ನಿಮ್ಮ ಕೈ ಎಲ್ಲಿಗೆ ಹೋಗುತ್ತದೆ ಅಂತ ನೀವೇ ಬರೆದಿದ್ದೀರಿ, ನಿಮಗೆ ಅದು ಬೇಡ.

ಕೊನೆಗೆ, ಮಳೆಗಾಲಕ್ಕೆ ಪುಸ್ತಕ ಹೊರಗೆ ತೆಗೆಯುವವರು ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದೆ ಎಳೆಯಿರಿ. ಗೋಡೆಗೆ ತಾಗಿದ ಪುಸ್ತಕಕ್ಕೇ ಮೊದಲು ಬೂಷ್ಟು, ಆಮೇಲೆ ಒರಲೆ (ಗೆದ್ದಲು). ಬೂಷ್ಟು ಬಂದಿದ್ದರೆ ಒದ್ದೆ ಬಟ್ಟೆಯಲ್ಲಿ ತಿಕ್ಕಬೇಡಿ, ಒಣ ಬಟ್ಟೆಯಲ್ಲಿ ಅಂಗಳದಲ್ಲಿ ಒರೆಸಿ, ಗಾಳಿಗೆ ಬಿಡಿಸಿಡಿ.