ಸಂಡಾಸ ಒಡದ್ರ ಎಲ್ಲಿ ಹೋಗ್ತೀರಿ, ಅತ್ತಿ?

ಅಕ್ಕನವರೇ,

ನಿಮ್ಮ ನಾಲ್ಕು ಪುಟದ ಪತ್ರ ಓದಿ ಸಿಟ್ಟು ಬಂತು. ನಿಮ್ಮ ಮೇಲಲ್ಲ. ಯಾರ ಮೇಲೆ ಅಂತ ಮುಂದೆ ಹೇಳುತ್ತೇನೆ.

ಕಲಬುರಗಿಯ ಬ್ರಹ್ಮಪುರದಲ್ಲಿ ಹಳೆ ಕಲ್ಲಿನ ಮನೆ. ಗರ್ಡರ್ ಎಂಬ ಕಬ್ಬಿಣದ ತೊಲೆಗಳ ಮೇಲೆ ಫರಸಿ ಕಲ್ಲು ಹಾಸಿದ ಮಾಳಿಗೆ, ಕೆಳಗೆ ಶಹಾಬಾದ್ ಫರಸಿಯ ನೆಲ. ನಿಮಗೆ 66, ಯಜಮಾನರಿಗೆ 72. ಅವರಿಗೆ ಸಕ್ಕರೆ ಕಾಯಿಲೆ, ಎಡ ಮೊಣಕಾಲು ಮಡಚಲು ಬರುವುದಿಲ್ಲ. ಮನೆ ರಿಪೇರಿಗೆ ಸೇಡಂ ರಸ್ತೆಯಲ್ಲಿರುವ ಮಗ ದುಡ್ಡು ಕೊಡುತ್ತಾನೆ, ಸೊಲ್ಲಾಪುರದ ಅಳಿಯ ನಕ್ಷೆ ಕೊಟ್ಟಿದ್ದಾರೆ, ಮೈದುನನ ಮಗ ಗೌಂಡಿಗಳನ್ನು ಕರೆತರುತ್ತಾನೆ. ದೀಪಾವಳಿ ಆದ ಮೇಲೆ ಶುರು ಮಾಡಿ ಶರಣಬಸವೇಶ್ವರ ಅಪ್ಪನ ಜಾತ್ರೆಯೊಳಗೆ ಮುಗಿಸುವ ಮಾತಾಗಿದೆ. ಜಗಳ ಹತ್ತಿರುವುದು ನೆಲದ ವಿಷಯಕ್ಕೆ. ಅಳಿಯನಿಗೆ ಬಿಳಿ ಟೈಲ್ಸ್ ಬೇಕು, ಪಡಸಾಲೆಗೂ ಅಡುಗೆಮನೆಗೂ ನಡುವಿನ ಗೋಡೆ ತೆಗೆದು ದೊಡ್ಡ ಹಾಲ್ ಆಗಬೇಕು. ಯಜಮಾನರು ‘ನಮ್ಮಪ್ಪ ಹಾಸಿದ ಫರಸಿಗಿ ಕೈ ಹಚ್ಚಬ್ಯಾಡ್ರಿ’ ಎಂದು ಅರ್ಧ ಊಟಕ್ಕೇ ಎದ್ದರು. ಯಾರ ಮಾತು ನಡೆಸಲಿ ಎಂದು ಕೇಳಿದ್ದೀರಿ.

ಆದರೆ ಮೂರನೇ ಪುಟದ ಕೊನೆಗೆ, ಜಾಗ ಸಾಲದೆ ಸಣ್ಣ ಅಕ್ಷರದಲ್ಲಿ ಹೀಗೆ ಬರೆದಿದ್ದೀರಿ: ‘ಕೆಲಸ ನಡಿಯೂತನಕ ಎರಡು ತಿಂಗಳ ನಾವಿಬ್ರೂ ಮ್ಯಾಲಿನ ಖೋಲ್ಯಾಗ ಇರ್ತೀವಿ. ಸಂಡಾಸ ಬಚ್ಚಲ ಮೊದಲ ಒಡಿತಾರಂತ. ಬಾಜೂದವ್ರ ಮನಿಗಿ ಹೋಗಿ ಬಂದ್ರಾಯ್ತು. ಸೊಸಿ ಮಾತ್ರ ಎಲ್ಲಾದಕ್ಕೂ ಕೊಂಕು ತಗೀತಾಳ. ಸಂಡಾಸ ಒಡದ್ರ ಎಲ್ಲಿ ಹೋಗ್ತೀರಿ ಅತ್ತಿ, ಅಂತ ಎಲ್ಲಾರ ಮುಂದ ಕೇಳಿದ್ಲು.’

ಅದು ಕೊಂಕಲ್ಲ ಅಕ್ಕನವರೇ. ನಿಮ್ಮ ಇಡೀ ಪತ್ರದಲ್ಲಿ ಕೆಲಸಕ್ಕೆ ಬರುವ ಪ್ರಶ್ನೆ ಅದೊಂದೇ. ಅದನ್ನು ಕೇಳಿದವಳು ನಿಮ್ಮ ಸೊಸೆ ಒಬ್ಬಳೇ.

ಮೊದಲ ಪುಟದಲ್ಲಿ ನೀವೇ ಬರೆದಿದ್ದೀರಿ, ಯಜಮಾನರು ರಾತ್ರಿ ಮೂರು ಸಲ ಏಳುತ್ತಾರೆಂದು. ಮೇಲಿನ ಖೋಲಿಗೆ ಹೊರಗಿನಿಂದ 14 ಪಾವಟಿಗೆ, ಒಂದು ಕಡೆಗೂ ರೇಲಿಂಗ್ ಇಲ್ಲ ಎಂದೂ ಬರೆದಿದ್ದೀರಿ. ಮೂರು ಸಲ ಇಳಿದು ಹತ್ತಿದರೆ ರಾತ್ರಿಗೆ 84 ಪಾವಟಿಗೆ. ಅದೂ ಕಾರ್ತಿಕದ ಚಳಿಯಲ್ಲಿ, ಮಡಚದ ಕಾಲಿನಲ್ಲಿ, ಕೆಳಗೆ ಒಡೆದ ಕಲ್ಲು ಮರಳಿನ ರಾಶಿ ದಾಟಿ, ಪಕ್ಕದ ಮನೆಯವರ ಬಾಗಿಲು ಬಡಿಯಬೇಕು. ನಾಲ್ಕು ದಿನ ಅವರು ತೆಗೆದಾರು. ಐದನೇ ದಿನದಿಂದ ನಿಮ್ಮ ಯಜಮಾನರೇ ಸಂಕೋಚಪಟ್ಟು ಸಂಜೆ ನೀರು ಕುಡಿಯುವುದನ್ನು ಬಿಡುತ್ತಾರೆ. ಸಕ್ಕರೆ ಇರುವವರಿಗೆ ಅದು ಒಳ್ಳೆಯದಲ್ಲ.

ಈ ನಕ್ಷೆ ಮಾಡಿದ ಅಳಿಯನ ಮೇಲೆ ನನ್ನ ಸಿಟ್ಟು. ನಮ್ಮ ಕಡೆ ಅಳಿಯನ ಮಾತಿಗೆ ಎದುರಾಡುವ ರೂಢಿ ಇಲ್ಲ, ಗೊತ್ತು. ಆದರೆ ಹಬ್ಬಕ್ಕೆ ನಾಲ್ಕು ದಿನ ಬಂದು ಹೋಗುವವರು ವರ್ಷವಿಡೀ ಇರುವವರ ಸಂಡಾಸು ಯಾವಾಗ ಒಡೆಯಬೇಕು ಎಂದು ತೀರ್ಮಾನಿಸುವುದು ತಪ್ಪು. ಗೌರವ ಊಟದ ಎಲೆಯಲ್ಲಿ ಕೊಡಿ, ನಕ್ಷೆಯಲ್ಲಿ ಬೇಡ.

ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ: ಮನೆ ಕೆಲಸದಲ್ಲಿ ನೀರಿನ ಕೆಲಸ ಮೊದಲು, ನೋಟದ ಕೆಲಸ ಆಮೇಲೆ. ನಿಮಗೆ ಒಂದೇ ಸೂಚನೆ. ಹೊಸ ಸಂಡಾಸು-ಬಚ್ಚಲು ಮನೆಯೊಳಗೆ ತಯಾರಾಗಿ, ನೀವಿಬ್ಬರೂ ಅದನ್ನು 15 ದಿನ ಬಳಸುವವರೆಗೆ ಹಳೆಯದಕ್ಕೆ ಸುತ್ತಿಗೆ ತಾಗಬಾರದು. ಪಡಸಾಲೆಗೂ ತಾಗಬಾರದು.

ಎಲ್ಲಿ ಕಟ್ಟುವುದು? ಮಲಗುವ ಖೋಲಿಗೆ ಹತ್ತಿದ ದಾಸ್ತಾನಿನ ಖೋಲಿ ಇದೆ ಎಂದಿದ್ದೀರಿ, ಜೋಳದ ಚೀಲ, ಹಳೆ ಹಂಡೆ ಇಡುವುದು. 6 ಅಡಿಗೆ 8 ಅಡಿ. ಅಷ್ಟು ಸಾಕು. ಅಂಗಳದಲ್ಲಿ ಹೊಸದಾಗಿ ಕಟ್ಟೋಣ ಎಂದು ಗೌಂಡಿ ಹೇಳಿದರೆ ಒಪ್ಪಬೇಡಿ. ನಿಮ್ಮದು ಎರೆ ಮಣ್ಣಿನ ನೆಲ. ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಹಳೆ ಗೋಡೆಗೆ ಅಂಟಿಸಿ ಎರಡಡಿ ಪಾಯದ ಮೇಲೆ ಕಟ್ಟಿದ ಹೊಸ ಗೋಡೆ ಒಂದೆರಡು ಮಳೆಗಾಲದಲ್ಲೇ ತನ್ನ ಪಾಡಿಗೆ ತಾನು ಸರಿದು, ಜೋಡಿಸಿದ ಕಡೆ ಮೇಲಿಂದ ಕೆಳಗೆ ಸೀಳು ಬಿಡುತ್ತದೆ. ದಾಸ್ತಾನಿನ ಖೋಲಿಯ ಪಾಯ ವರ್ಷಗಟ್ಟಲೆ ಕುಳಿತು ಗಟ್ಟಿಯಾಗಿದೆ. ಜೋಳದ ಚೀಲವನ್ನು ಮೇಲಿನ ಖೋಲಿಗೆ ಹಾಕಿಸಿ. ಮೇಲೆ ಹೋಗಬೇಕಾದ್ದು ಅದು, ನೀವಲ್ಲ.

ಕೆಲಸ ಹಿಡಿಯುವ ಮೊದಲು ಸಂಡಾಸಿನ ನೀರು ಹೋಗಿ ಸೇರುವ ಹೊರಗಿನ ಚೇಂಬರಿನ ಮುಚ್ಚಳ ತೆಗೆಸಿ ಅದರೊಳಗಿನ ಪೈಪು ನೆಲದಿಂದ ಎಷ್ಟು ಆಳದಲ್ಲಿದೆ ಅಂತ ಅಳೆಸಿ. ಸಂಡಾಸಿನ 4 ಇಂಚು ಪೈಪಿಗೆ ಪ್ರತಿ 10 ಅಡಿಗೆ 3 ಇಂಚು ಇಳಿಜಾರು ಬೇಕು. ದಾಸ್ತಾನಿನ ಖೋಲಿಯಿಂದ ಚೇಂಬರಿಗೆ 20 ಅಡಿ ಇದ್ದರೆ 6 ಇಂಚು ಇಳಿಯಬೇಕು. ಅಷ್ಟು ಸಿಗದಿದ್ದರೆ ಹೊಸ ಚೇಂಬರನ್ನೇ ಆಳದಲ್ಲಿ ಕಟ್ಟಬೇಕಾಗುತ್ತದೆ. ಈ ಅಳತೆ ತೆಗೆಯದೆ ಕಮೋಡು ಕೂರಿಸಿದ ಮನೆಗಳಲ್ಲೇ ವಾರಕ್ಕೊಮ್ಮೆ ಕಟ್ಟಿಕೊಳ್ಳುವುದು. ಹೊರಗೆ ಪೈಪು ಎರೆ ಮಣ್ಣಿನಲ್ಲಿ ಬರಿದೆ ಮಲಗಬಾರದು. ಕೆಳಗೆ, ಬದಿಗೆ ಮರಳು ತುಂಬಿ, ಮೇಲೆ ಮುರುಮು, ಅಂದರೆ ಗರಸು ಮಣ್ಣು, ಹಾಕಿ ಕುಟ್ಟಿಸಿ. ಗೋಡೆ ದಾಟುವ ಕಡೆ ಪೈಪನ್ನು ಸಿಮೆಂಟಿನಲ್ಲಿ ಬಿಗಿಯದೆ ದೊಡ್ಡ ತೂತಿನಲ್ಲಿ ಸಡಿಲವಾಗಿ ಬಿಡಿಸಿ. ಇಲ್ಲದಿದ್ದರೆ ಗೋಡೆ ಒಂದು ಕೂದಲೆಳೆ ಸರಿದರೂ ಪೈಪಿನ ಕುತ್ತಿಗೆ ಮುರಿದು ನೀರು ಪಾಯಕ್ಕೆ ಇಳಿಯುತ್ತದೆ, ಅಲ್ಲಿಂದ ಮಣ್ಣು ಉಬ್ಬುವುದಕ್ಕೆ ಶುರು.

ಕಮೋಡನ್ನು ಪೈಪು ಹಾಕುವುದಕ್ಕಿಂತ ಮೊದಲು ಕೊಂಡು ಮನೆಯಲ್ಲಿಡಿ. ಕೆಲವದರಲ್ಲಿ ನೀರು ಹೋಗುವ ಬಾಯಿ ಹಿಂದಿನ ಗೋಡೆಗೆ, ಕೆಲವದರಲ್ಲಿ ನೆಲಕ್ಕೆ. ನೆಲಕ್ಕೆ ಇರುವುದರಲ್ಲೂ ಗೋಡೆಯಿಂದ 9 ಇಂಚು, 12 ಇಂಚು ಎಂದು ಬೇರೆ ಬೇರೆ. ಆ ಅಳತೆ ಟೈಲ್ಸ್ ಹಚ್ಚಿದ ಗೋಡೆಯಿಂದ. ಬರೀ ಕಲ್ಲಿನಿಂದ ಅಳೆದರೆ ಪ್ಲಾಸ್ಟರ್, ಟೈಲ್ಸ್ ಸೇರಿ ಒಂದೂವರೆ ಇಂಚು ತಪ್ಪಿ ಕಮೋಡು ಕೂರುವುದೇ ಇಲ್ಲ. ಎತ್ತರಕ್ಕೆ ಅಂಗಡಿಯವನ ಮಾತು ಕೇಳಬೇಡಿ. ಯಜಮಾನರು ಕೈ ಊರದೆ ಏಳುವ ಕುರ್ಚಿ ಮನೆಯಲ್ಲಿ ಯಾವುದು ನೋಡಿ, ಅದರ ಎತ್ತರ ಅಳೆಯಿರಿ. ಮೊಣಕಾಲು ನೋವಿನವರಿಗೆ ಸಾಮಾನ್ಯವಾಗಿ 18 ಇಂಚು ಹೊಂದುತ್ತದೆ. ಕಮೋಡಿನ ನಡುಗೆರೆ ಪಕ್ಕದ ಗೋಡೆಯಿಂದ 18 ಇಂಚು ದೂರ ಇರಲಿ. ಇನ್ನೂ ದೂರವಾದರೆ ಹಿಡಿಕೆ ಕೈಗೆ ಎಟುಕುವುದಿಲ್ಲ.

ಹಿಡಿಕೆ ವಿಷಯದಲ್ಲೇ ಹೆಚ್ಚು ಮನೆಗಳು ಮೋಸ ಹೋಗುವುದು. ಟವೆಲ್ ಹಾಕುವ ಸರಳು ಹಿಡಿಕೆಯಲ್ಲ, ಮೈಭಾರ ಬಿದ್ದರೆ ಕಿತ್ತು ಕೈಗೆ ಬರುತ್ತದೆ. ಒಂದೂಕಾಲು ಇಂಚಿನಿಂದ ಒಂದೂವರೆ ಇಂಚು ದಪ್ಪದ ಸ್ಟೀಲ್ ಹಿಡಿಕೆ ತರಿಸಿ. ಗೋಡೆಗೂ ಅದಕ್ಕೂ ಬೆರಳು ಸುತ್ತುವಷ್ಟು, ಒಂದೂವರೆ ಇಂಚು ಸಂದು ಇರಲಿ. ಕಮೋಡಿನ ಪಕ್ಕ ನೆಲದಿಂದ 28 ಇಂಚು ಎತ್ತರಕ್ಕೆ ಅಡ್ಡ ಒಂದು, ಸ್ನಾನದ ಮೂಲೆಯಲ್ಲಿ ನಿಲುವಾಗಿ ಒಂದು. ನಿಮ್ಮದು ಕಲ್ಲು-ಮಣ್ಣಿನ ಗೋಡೆ, ಅದರಲ್ಲಿ ಸ್ಕ್ರೂ ನಿಲ್ಲುವುದಿಲ್ಲ, ಮಣ್ಣು ಉದುರುತ್ತದೆ. ಹಿಡಿಕೆಯ ಎರಡೂ ತುದಿ ಬರುವಲ್ಲಿ 9 ಇಂಚು ಚೌಕ ಮಣ್ಣು ಕೆದರಿಸಿ, ಕಾಂಕ್ರೀಟ್ ತುಂಬಿಸಿ, ಏಳು ದಿನ ನೀರು ಹಾಕಿದ ಮೇಲೆ ಟೈಲ್ಸ್. ಟೈಲ್ಸ್ ಹಚ್ಚುವ ಮೊದಲು ಗೋಡೆಗೆ ಟೇಪು ಹಿಡಿದು ಫೋಟೋ ತೆಗೆದಿಡಲು ಸೊಸೆಗೆ ಹೇಳಿ. ಆಮೇಲೆ ಡ್ರಿಲ್ ಮಾಡುವವನಿಗೆ ಕಾಂಕ್ರೀಟ್ ಎಲ್ಲಿ, ನೀರಿನ ಪೈಪು ಎಲ್ಲಿ ಅಂತ ಆ ಫೋಟೋನೇ ಹೇಳಬೇಕು. ಹಚ್ಚಿದ ದಿನ ಮೈದುನನ ಮಗ ಎರಡೂ ಕೈಲಿ ಹಿಡಿದು ಜೋತುಬಿದ್ದು ನೋಡಲಿ.

ನೆಲಕ್ಕೆ ಒಂದಡಿ ಚೌಕದ ಒರಟು ಮೈಯ ಟೈಲ್ಸ್. ದೊಡ್ಡ ಟೈಲ್ಸ್ ಹಾಕಿದರೆ ಇಳಿಜಾರು ಸರಿಯಾಗಿ ಕೂರುವುದಿಲ್ಲ. ಇಳಿಜಾರು 5 ಅಡಿಗೆ 1 ಇಂಚು, ಕಮೋಡಿನ ಕಡೆಯಿಂದ ಸ್ನಾನದ ಮೂಲೆಗೆ. ಟೈಲ್ಸಿಗಿಂತ ಮೊದಲು ನೀರು ತಡೆಯುವ ಲೇಪವನ್ನು ಗೋಡೆಯ ಮೇಲೂ ಒಂದಡಿ ಹತ್ತಿಸಿ, ಸ್ನಾನದ ಮೂಲೆಯಲ್ಲಿ ಎದೆಮಟ್ಟದವರೆಗೆ. ಒಣಗಿದ ಮೇಲೆ ನೆಲದ ನೀರು ಹೋಗುವ ಟ್ರ್ಯಾಪಿನ ಬಾಯಿ ಮುಚ್ಚಿ ಎರಡು ಇಂಚು ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲಿನಲ್ಲಿ ಗೆರೆ ಎಳೆದು 48 ಗಂಟೆ ಬಿಡಿ. ಒಣಹವೆಗೆ ಚೂರು ಇಳಿಯುತ್ತದೆ. ಬೆರಳಗಲ ಇಳಿದರೆ ಸೋರುತ್ತಿದೆ ಎಂದೇ ಅರ್ಥ, ಲೇಪ ಮತ್ತೆ ಹಾಕಿಸಿ. ಗೌಂಡಿ ‘ಏನೂ ಆಗಂಗಿಲ್ರಿ’ ಅಂದರೆ ಕೇಳಬೇಡಿ.

ಬಾಗಿಲು ಹೊರಕ್ಕೆ ತೆಗೆಯಬೇಕು, ತೆರೆದಾಗ 32 ಇಂಚು ದಾರಿ ಸಿಗಬೇಕು. ಒಳಕ್ಕೆ ತೆಗೆಯುವ ಬಾಗಿಲಿನ ಹಿಂದೆ ಮನುಷ್ಯ ಬಿದ್ದರೆ ಬಾಗಿಲಿಗೇ ಅಡ್ಡವಾಗುತ್ತಾನೆ. ಚಿಲಕ ಹೊರಗಿನಿಂದಲೂ ತೆಗೆಯಲು ಬರುವಂಥದ್ದು ಬೇಕು. ಹೊಸ್ತಿಲು ಬೇಡ, ಬೇಕೇಬೇಕು ಅಂದರೆ ಅರ್ಧ ಇಂಚು. ಹಾಸಿಗೆಯಿಂದ ಎದ್ದಲ್ಲೇ ಕೈಗೆ ಸಿಗುವ ಲೈಟಿನ ಸ್ವಿಚ್ ಒಂದು. ಗೀಜರಿಗೆ ಸರಿಯಾದ ಅರ್ಥಿಂಗ್, ಜೊತೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ಕೂಡಲೇ ತಾನೇ ಬಂದಾಗುವ ಸ್ವಿಚ್. ಎಷ್ಟೋ ಹಳೆ ಮನೆಗಳ ವೈರಿಂಗಿಗೆ ಅರ್ಥ್ ವೈರೇ ಇರುವುದಿಲ್ಲ, ಬಚ್ಚಲಿಗೆ ಪ್ರತ್ಯೇಕ ಎಳೆಸಿ.

ಇನ್ನು ಅಳಿಯ ತೆಗೆಯಬೇಕೆನ್ನುವ ಗೋಡೆ. ಪಡಸಾಲೆಯಲ್ಲಿ ನಿಂತು ತಲೆ ಎತ್ತಿ ನೋಡಿ. ಮಾಳಿಗೆಯ ಗರ್ಡರುಗಳ ತುದಿ ಆ ಗೋಡೆಯೊಳಗೆ ಹೋಗಿದೆಯೇ? ನೀವು ಬರೆದ ಅಳತೆ ನೋಡಿದರೆ ಹೋಗಿರಲೇಬೇಕು. ಹಾಗಿದ್ದರೆ ಅದು ಅಡ್ಡಗೋಡೆಯಲ್ಲ, ಮಾಳಿಗೆಯ ಭಾರ ಹೊತ್ತಿರುವ ಗೋಡೆ. ಅದನ್ನು ತೆಗೆದು ಕೆಳಗೆ ಅಡ್ಡ ಗರ್ಡರ್ ಕೊಡುತ್ತೇವೆ ಅನ್ನಬಹುದು. ಆ ಗೋಡೆ ಹೊತ್ತಿದ್ದ ಭಾರವೆಲ್ಲ ಆ ಗರ್ಡರಿನ ಎರಡು ತುದಿಗೆ ಬರುತ್ತದೆ, ಅದಕ್ಕೆ ಕಂಬ, ಕಂಬಕ್ಕೆ ಎರೆ ಮಣ್ಣು ದಾಟಿ ಗಟ್ಟಿ ನೆಲದವರೆಗೆ ಪಾಯ ಬೇಕು. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ ಕಾಗದದ ಮೇಲೆ ಬರೆದು ಸಹಿ ಹಾಕುವವರೆಗೆ ಒಂದು ಕಲ್ಲೂ ಕೀಳಿಸಬೇಡಿ. ಬೆಳಕು ಸಾಲದು ಎಂಬುದೇ ತಕರಾರಾದರೆ ಮಾಳಿಗೆಯ ಹಳೆ ಬೆಳಕಿಂಡಿಗೆ ಗಾಜು ಹಾಕಿಸಿ.

ಫರಸಿ ಉಳಿಸಿ. ಈ ಮಾತಿನಲ್ಲಿ ಯಜಮಾನರದ್ದೇ ಸರಿ. ನಮ್ಮ ಊರಿನ ಏಪ್ರಿಲ್-ಮೇ ಬಿಸಿಲಿಗೆ ಬರಿಗಾಲಲ್ಲಿ ನಡೆಯಲು ಅದಕ್ಕಿಂತ ತಂಪು ನೆಲ ಸಿಗದು. ಮೇಲೆ ಟೈಲ್ಸ್ ಹಚ್ಚಿದರೆ ನೆಲ ಎರಡು ಇಂಚು ಏರಿ ಎಲ್ಲ ಬಾಗಿಲೂ ಕೊಯ್ಯಬೇಕಾಗುತ್ತದೆ, ಖೋಲಿ ಖೋಲಿಗೂ ಎಡವಲು ಒಂದು ಹೊಸ ಮೆಟ್ಟು ಹುಟ್ಟುತ್ತದೆ. ಕೋಲಿನಿಂದ ಕುಟ್ಟಿ ನೋಡಿ, ಟೊಳ್ಳು ಸದ್ದು ಬರುವ ಫರಸಿಗಳನ್ನಷ್ಟೇ ಎಬ್ಬಿಸಿ ಕೂರಿಸಿ, ಸಂದಿ ಕೆದರಿ ಸಿಮೆಂಟ್ ತುಂಬಿಸಿ. ಪಾಲಿಶ್ ಕನ್ನಡಿಯಂತೆ ಬೇಡ, ಮೈ ಸಮನಾದರೆ ಸಾಕು. ಸಂಡಾಸು ತೊಳೆಯುವ ಆಸಿಡ್ ಮಾತ್ರ ಅದರ ಹತ್ತಿರ ಸುಳಿಯಬಾರದು. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಆಸಿಡ್ ಬಿದ್ದಲ್ಲಿ ನೊರೆಯೆದ್ದು ಕರಗುತ್ತದೆ.

ದುಡ್ಡನ್ನು ಮಗ ನಿಮ್ಮ ಖಾತೆಗೆ ಹಾಕಲಿ, ಗೌಂಡಿಗೆ ಕೊಡುವುದು ನೀವು. ನೀರು ನಿಲ್ಲಿಸಿದ ಗೆರೆ ನೋಡಿದ ಮೇಲೆ ಅರ್ಧ, ಬಳಸಿದ 15 ದಿನ ಮುಗಿದ ಮೇಲೆ ಉಳಿದದ್ದು.

ಅಳಿಯನಿಗೆ ಏನು ಹೇಳಲಿ ಎಂದು ಕೊನೆಗೆ ಕೇಳಿದ್ದೀರಿ. ‘ದೊಡ್ಡ ಹಾಲ್ ಮಾಡೂ ಮಾತು ಜಾತ್ರಿ ಆದಮ್ಯಾಲ ನೋಡೂಣ್ರಿ’ ಅನ್ನಿ, ಅಷ್ಟೇ. ಅವರಿಗೆ ಫೋನು ಮಾಡುವುದಕ್ಕಿಂತ ಮೊದಲು ಸೊಸೆಗೆ ಮಾಡಿ. ಭಾನುವಾರ ಟೇಪು ತಗೊಂಡು ಬರಲು ಹೇಳಿ, ಇಬ್ಬರೂ ಸೇರಿ ದಾಸ್ತಾನಿನ ಖೋಲಿ ಅಳೆಯಿರಿ. ಒಂದು ತುದಿ ನೀವು ಹಿಡಿಯಿರಿ, ಒಂದು ತುದಿ ಅವಳು.