ತಲೆಗೆ ಎರಡು ತೂತು, ಜೊತೆಗೊಂದು ಸಣ್ಣ ಕೊಳವೆ

ಶಿವಮೊಗ್ಗದಿಂದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರು ಬರೆದಿದ್ದಾರೆ: "ಜಗತ್ತೇ ಮಿದುಳಿನ ಚಿಪ್ ಬಗ್ಗೆ ಮಾತಾಡುತ್ತಿದೆ. ನೀವು ಮಾತ್ರ ವಯಸ್ಸಾದವರು ಬಚ್ಚಲಲ್ಲಿ ಜಾರಿ ಬೀಳುವುದರ ಬಗ್ಗೆ ನಾಲ್ಕು ಪುಟ ಹಾಕಿದ್ದೀರಿ. ತಲೆಗೆ ತೂತು ಕೊರೆದು ರಕ್ತ ತೆಗೆಯುವುದು ಹಳೇ ಕೆಲಸ, ಅದರಲ್ಲಿ ಸಂಶೋಧನೆ ಮಾಡೋಕೆ ಏನಿದೆ? ನಮ್ಮ ಅಜ್ಜನಿಗೂ ಈಚೆಗೆ ಮರೆವು, ಎಡಗಾಲು ಎಳೆಯುತ್ತಾರೆ. ವಯಸ್ಸಾದ ಮೇಲೆ ಅದೆಲ್ಲ ಇರೋದೇ ಅಲ್ವಾ?"

ಸಂಪಾದಕರ ಉತ್ತರ:

ನಿಮ್ಮ ಪತ್ರ ಖುಷಿ ಕೊಟ್ಟಿತು. ಇಷ್ಟು ನೇರವಾಗಿ ಬೈದು ಬರೆಯುವವರು ಈಗ ಕಡಿಮೆ.

ಚಿಪ್ ವಿಷಯ ಒಪ್ಪಿದೆ. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡಿದ್ದ ಮಹಿಳೆಯೊಬ್ಬರ ಮಿದುಳಿನ ಮೇಲೆ 253 ಎಲೆಕ್ಟ್ರೋಡ್‌ಗಳ ತೆಳು ಹಾಳೆ ಇಟ್ಟು, ನಿಮಿಷಕ್ಕೆ 78 ಪದಗಳಷ್ಟು ಮಾತನ್ನು ಕಂಪ್ಯೂಟರಿನಲ್ಲಿ ಹೊರತಂದರು. ಕ್ಯಾಲಿಫೋರ್ನಿಯಾದ ಮಿದುಳಿನ ಸರ್ಜನ್ ಎಡ್ವರ್ಡ್ ಚಾಂಗ್ ತಂಡದ ಈ ಕೆಲಸ 2023ರಲ್ಲಿ ಪ್ರಕಟವಾಯಿತು. ದೊಡ್ಡ ಕೆಲಸ, ಅನುಮಾನವಿಲ್ಲ.

ಆದರೆ ನೀವು 'ಹಳೇ ಕೆಲಸ' ಅಂದಿರಲ್ಲ, ಅಲ್ಲಿ ನನಗೆ ನಿಮ್ಮ ಜೊತೆ ಜಗಳ ಇದೆ.

ನಮ್ಮ ದೊಡ್ಡಪ್ಪ ಒಂದು ಸಂಜೆ ಬಚ್ಚಲ ಹೊಸ್ತಿಲಲ್ಲಿ ಎಡವಿ ತಲೆ ತಾಗಿಸಿಕೊಂಡರು. ಗಾಯವಿಲ್ಲ, ರಕ್ತವಿಲ್ಲ. ದೊಡ್ಡಮ್ಮ ಕೊಬ್ಬರಿ ಎಣ್ಣೆ ಹಚ್ಚಿದರು, ಎಲ್ಲರೂ ಮರೆತೆವು. ಮೂರು ವಾರ ಕಳೆದ ಮೇಲೆ ಅಂಗಿಯ ಗುಂಡಿ ತಪ್ಪುತಪ್ಪಾಗಿ ಹಾಕತೊಡಗಿದರು. ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ತೋಟಕ್ಕೆ ಹೊರಡುತ್ತಿದ್ದರು. ಮನೆಯವರೆಲ್ಲ ಅಂದದ್ದು ಒಂದೇ ಮಾತು: ಅರವತ್ತಕ್ಕೆ ಅರಳು ಮರಳು. ಅವರಿಗೆ ಆಗ ಎಪ್ಪತ್ತೆಂಟು. ತೋರಿಸಿದ ಮೊದಲ ಡಾಕ್ಟರು ನಿದ್ದೆ ಮಾತ್ರೆ ಬರೆದುಕೊಟ್ಟರು. ಇನ್ನೂ ಹತ್ತು ದಿನ ಹಾಗೇ ಹೋಯಿತು.

ಆದದ್ದು ಇಷ್ಟು. ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗುತ್ತದೆ. ಮಿದುಳಿಗೂ ಅದರ ಹೊರಪೊರೆಗೂ ನಡುವೆ ಇರುವ ಸಣ್ಣ ರಕ್ತನಾಳಗಳು ಎಳೆದು ಕಟ್ಟಿದ ದಾರದ ಹಾಗೆ ಬಿಗಿಯಾಗುತ್ತವೆ. ಚಿಕ್ಕ ಪೆಟ್ಟಿಗೂ ಒಂದು ಕಿತ್ತುಹೋಗಬಹುದು. ರಕ್ತ ನಿಧಾನಕ್ಕೆ ಒಸರಿ ವಾರಗಟ್ಟಲೆ ಸೇರಿಕೊಳ್ಳುತ್ತದೆ, ಮಿದುಳನ್ನು ಒತ್ತುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೆ ಇದರ ಭಯ ಜಾಸ್ತಿ. ಕೊನೆಗೆ ಸ್ಕ್ಯಾನ್ ಮಾಡಿಸಿ, ದೊಡ್ಡಪ್ಪನ ತಲೆಬುರುಡೆಗೆ ಎರಡು ತೂತು ಕೊರೆದು ಆ ಕಪ್ಪು ರಕ್ತ ಹರಿಸಿದರು. ಮಾರನೆಯ ದಿನ ಅವರು ಕೇಳಿದ ಮೊದಲ ಪ್ರಶ್ನೆ, "ಅಡಿಕೆ ಕೊನೆ ಕೊಯ್ಲು ಮುಗೀತಾ?"

ಈಗ ಸಂಶೋಧನೆ ಎಲ್ಲಿದೆ ಅಂತ ಹೇಳುತ್ತೇನೆ. ಈ ಆಪರೇಷನ್ ಆದವರಲ್ಲಿ ಕೆಲವರಿಗೆ ಮತ್ತೆ ರಕ್ತ ತುಂಬುತ್ತದೆ. ತೂತಿನಲ್ಲಿ ಒಂದು ಸಣ್ಣ ಕೊಳವೆ ಎರಡು ದಿನ ಬಿಟ್ಟರೆ ಒಳ್ಳೆಯದೋ ಕೆಟ್ಟದ್ದೋ? ಒಬ್ಬ ಸರ್ಜನ್ ಬಿಡುತ್ತಿದ್ದರು, ಇನ್ನೊಬ್ಬರು ಬಿಡುತ್ತಿರಲಿಲ್ಲ. ಇಬ್ಬರಿಗೂ ತಮ್ಮದೇ ಸರಿ. ಕೇಂಬ್ರಿಜ್‌ನಲ್ಲಿ 215 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನೋಡಿದರು. 2009ರಲ್ಲಿ ಉತ್ತರ ಬಂತು. ಕೊಳವೆ ಇಲ್ಲದವರಲ್ಲಿ 100ಕ್ಕೆ 24 ಮಂದಿಗೆ ಮತ್ತೆ ರಕ್ತ ತುಂಬಿತ್ತು, ಕೊಳವೆ ಇದ್ದವರಲ್ಲಿ 9 ಮಂದಿಗೆ. ಆರು ತಿಂಗಳಲ್ಲಿ ಸತ್ತವರ ಪ್ರಮಾಣ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಲಾಭ ಎಷ್ಟು ಸ್ಪಷ್ಟವಾಗಿತ್ತೆಂದರೆ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ಒಂದು ಪ್ಲಾಸ್ಟಿಕ್ ಕೊಳವೆಯಿಂದ ಇಷ್ಟು! ಯಾವ ಟಿ.ವಿ. ಇದನ್ನು ತೋರಿಸಿತು, ಹೇಳಿ?

ಇದಕ್ಕಿಂತ ನನಗೆ ಹತ್ತಿರವಾದದ್ದು 'ಬೇಡ' ಅಂತ ಹೇಳಿದ ಪ್ರಯೋಗಗಳು. ಇದೇ ಕಾಯಿಲೆಗೆ ಸ್ಟೀರಾಯ್ಡ್, ಅಂದರೆ ಊತ ಇಳಿಸುವ ಔಷಧ, ಕೊಡುವ ರೂಢಿ ಇತ್ತು. ಬ್ರಿಟನ್ನಿನಲ್ಲಿ 748 ಜನರ ಮೇಲೆ ಪರೀಕ್ಷಿಸಿ 2020ರಲ್ಲಿ ವರದಿ ಕೊಟ್ಟರು. ಸ್ಟೀರಾಯ್ಡ್ ಪಡೆದವರಿಗೆ ಎರಡನೇ ಆಪರೇಷನ್ ಕಡಿಮೆ ಬೇಕಾಯಿತು, ನಿಜ. ಆದರೆ ಆರು ತಿಂಗಳಾದ ಮೇಲೆ ಒಳ್ಳೆಯ ಸ್ಥಿತಿಯಲ್ಲಿದ್ದವರು ಆ ಗುಂಪಿನಲ್ಲಿ 100ಕ್ಕೆ 84, ಸುಮ್ನೆ ಹುಸಿ ಮಾತ್ರೆ ನುಂಗಿದವರಲ್ಲಿ 90. ಅದಕ್ಕೂ ಹಿಂದೆ, 2004ರಲ್ಲಿ, ತಲೆಗೆ ಪೆಟ್ಟು ಬಿದ್ದ 10,008 ಜನರ ಅಧ್ಯಯನ ಬಂದಿತ್ತು. ಅಪಘಾತವಾದ ಕೂಡಲೇ ಕೊಡುತ್ತಿದ್ದ ಸ್ಟೀರಾಯ್ಡ್ ಸಾವನ್ನು ತಗ್ಗಿಸುವ ಬದಲು ಹೆಚ್ಚಿಸುತ್ತಿತ್ತು. ಎರಡು ವಾರದಲ್ಲಿ ಹುಸಿ ಔಷಧ ಪಡೆದವರಲ್ಲಿ 100ಕ್ಕೆ 18 ಮಂದಿ ಸತ್ತರೆ, ಸ್ಟೀರಾಯ್ಡ್ ಪಡೆದವರಲ್ಲಿ 21. ಎಷ್ಟೋ ವರ್ಷ ಒಳ್ಳೆಯ ಮನಸ್ಸಿನಿಂದಲೇ ಕೊಟ್ಟ ಔಷಧ ಅದು. ಚೀಟಿ ಎತ್ತಿ ನೋಡದೆ ಇದ್ದಿದ್ದರೆ ಇವತ್ತಿಗೂ ಕೊಡುತ್ತಿದ್ದೆವು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹೊಸದು ಬೇಕು ಅಂದಿರಿ, ಹೊಸದೂ ಇದೆ. ಮಿದುಳಿನ ಹೊರಪೊರೆಗೆ ರಕ್ತ ಕೊಡುವ ಒಂದು ನಾಳವನ್ನು, ತೊಡೆಸಂದಿಯಿಂದಲೋ ಮಣಿಕಟ್ಟಿನಿಂದಲೋ ತೆಳು ನಳಿಕೆ ತೂರಿಸಿ, ಗೋಂದಿನಂಥ ದ್ರವದಿಂದ ಮುಚ್ಚುತ್ತಾರೆ. 2024ರ ಅಮೆರಿಕದ ಪ್ರಯೋಗದಲ್ಲಿ ಆಪರೇಷನ್ ಜೊತೆ ಇದನ್ನೂ ಮಾಡಿದಾಗ, 90 ದಿನದೊಳಗೆ ಮತ್ತೆ ಆಪರೇಷನ್ ಬೇಕಾದವರು 100ಕ್ಕೆ 11ರಿಂದ 4ಕ್ಕೆ ಇಳಿದರು.

ನಮ್ಮಲ್ಲಿ ಬ್ಯಾನರ್ ಕಟ್ಟುವುದು ಮಾತ್ರ "ಹೊಸ ಮಿಷನ್ ಬಂದಿದೆ" ಅಂತ. "ಹಿಂದೆ ಮಾಡುತ್ತಿದ್ದದ್ದು ತಪ್ಪು, ಬಿಟ್ಟಿದ್ದೇವೆ" ಅಂತ ಯಾರೂ ಬ್ಯಾನರ್ ಕಟ್ಟಲಿಲ್ಲ. ನಾವು ಪತ್ರಿಕೆಯವರೂ ಮಿಷನ್ನಿನ ಫೋಟೊ ಹಾಕುತ್ತೇವೆ. ಮನೆಗಳಲ್ಲೂ ಅದೇ ಕಥೆ. ರೆಡ್ ಆಕ್ಸೈಡ್ ನೆಲ ಕಿತ್ತು ಕನ್ನಡಿಯಂಥ ಟೈಲ್ಸ್ ಹಾಕಿಸುತ್ತೇವೆ, ಬಚ್ಚಲಿಗೂ ಅದನ್ನೇ. ಗೋಡೆಗೆ ಹಿಡಿದುಕೊಳ್ಳಲು ಒಂದು ಸರಳು ಹಾಕಿಸಿ ಅಂದರೆ ಅಂದ ಕೆಡುತ್ತದಂತೆ. ಆಮೇಲೆ ಅಜ್ಜ ಜಾರಿದರೆ ಅಜ್ಜನನ್ನೇ ಬೈಯುತ್ತೇವೆ, ಮರೆತರೆ ಅರಳು ಮರಳು ಅನ್ನುತ್ತೇವೆ. ವಯಸ್ಸಾದವರ ಮಾತನ್ನು ರೋಗಲಕ್ಷಣ ಅಂತ ಕೇಳಿಸಿಕೊಳ್ಳುವ ತಾಳ್ಮೆ ನಮಗೆ ಹೋಗಿಬಿಟ್ಟಿದೆ.

ನಿಮ್ಮ ಪತ್ರದ ಕೊನೆಯ ಎರಡು ಸಾಲು ನನ್ನನ್ನು ಬಿಡುತ್ತಿಲ್ಲ. ಮರೆವು ಇರಬಹುದು, ಆದರೆ ಒಂದೇ ಕಾಲು ಯಾಕೆ ಎಳೆಯಬೇಕು? ಪತ್ರದಲ್ಲಿದ್ದ ನಂಬರಿಗೆ ಎರಡು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಈ ಎರಡು ತಿಂಗಳಲ್ಲಿ ಎಲ್ಲಾದರೂ ಬಿದ್ದಿದ್ದರಾ ಅಂತ ಅಜ್ಜನ ಹತ್ತಿರ ಕೂತು ಕೇಳಿ. ಅವರಿಗೆ ನೆನಪಿಲ್ಲದಿದ್ದರೆ ಅಜ್ಜಿಯನ್ನು ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ ಇದೆಯಾ ನೋಡಿ. ಉತ್ತರ ಏನೇ ಬರಲಿ, ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ತಲೆಯ ಸ್ಕ್ಯಾನ್ ಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ. ಚಿಪ್ ಬಗ್ಗೆ ನೀವೇ ಒಂದು ಲೇಖನ ಬರೆದು ಕಳಿಸಿ, ಹಾಕುತ್ತೇನೆ. ಅಜ್ಜನನ್ನು ತೋರಿಸಿಕೊಂಡು ಬಂದ ಮೇಲೆ.